ಭಾರತದಲ್ಲಿ ಬೆಳೆ ವಿಮೆ

ಬೆಳೆ ವಿಮೆಯು ಬರ, ಅತಿವೃಷ್ಟಿ, ಪ್ರವಾಹ, ಆಲಿಕಲ್ಲು ಮಳೆ, ಚಂಡಮಾರುತ, ಕೀಟ ಮತ್ತು ರೋಗಬಾಧೆಯಂತಹ ಕಾರಣಗಳಿಂದ ರೈತನಿಗೆ ಉಂಟಾಗುವ ಬೆಳೆ ನಷ್ಟವನ್ನು ಭಾಗಶಃ ತುಂಬಿಕೊಡುವ ವಿಮಾ ವ್ಯವಸ್ಥೆಯಾಗಿದೆ. ಭಾರತದಲ್ಲಿ ಇದು ಸರ್ಕಾರದ ಸಹಾಯಧನವನ್ನು ಅವಲಂಬಿಸಿದೆ. ರೈತನು ವಿಮಾ ಕಂತಿನ ಒಂದು ಸಣ್ಣ ಭಾಗವನ್ನು ಪಾವತಿಸುತ್ತಾನೆ. ಉಳಿದ ಭಾಗವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. 2016ರ ಮುಂಗಾರು ಹಂಗಾಮಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯು ದೇಶದ ಪ್ರಮುಖ ಬೆಳೆ ವಿಮಾ ಯೋಜನೆಯಾಗಿದೆ.

ಈ ವ್ಯವಸ್ಥೆಯಲ್ಲಿ ನಷ್ಟವನ್ನು ಸಾಮಾನ್ಯವಾಗಿ ಪ್ರತಿಯೊಬ್ಬ ರೈತನ ಹೊಲದಲ್ಲಿ ಅಳೆಯುವುದಿಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿಯಂತಹ ಒಂದು ಪ್ರದೇಶದ ಸರಾಸರಿ ಇಳುವರಿಯನ್ನು ಅಥವಾ ಅಲ್ಲಿ ಬಿದ್ದ ಮಳೆಯ ಪ್ರಮಾಣವನ್ನು ಅಳೆದು, ಅದರ ಆಧಾರದ ಮೇಲೆ ಎಲ್ಲರಿಗೂ ಒಂದೇ ದರದಲ್ಲಿ ಪರಿಹಾರ ನೀಡಲಾಗುತ್ತದೆ. ಲಕ್ಷಾಂತರ ಸಣ್ಣ ಹಿಡುವಳಿದಾರರಿಗೆ ವಿಮೆ ನೀಡುವುದನ್ನು ಸಾಧ್ಯವಾಗಿಸಿದ್ದು ಈ ವಿಧಾನವೇ. ಯೋಜನೆಯ ಬಗೆಗಿನ ಬಹುಪಾಲು ದೂರುಗಳಿಗೆ ಮೂಲವಾಗಿರುವುದೂ ಇದೇ.

## ಹಿನ್ನೆಲೆ

ವಿಮೆಯ ಮೂಲ ತತ್ತ್ವವೆಂದರೆ ಕೆಲವರಿಗೆ ಒದಗುವ ನಷ್ಟವನ್ನು ಹಲವರ ನಡುವೆ ಹಂಚುವುದು. ಒಂದು ಊರಿನಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಉಳಿದವರ ಕಂತಿನ ಹಣದಿಂದ ಆ ನಷ್ಟವನ್ನು ತುಂಬಬಹುದು. ಬರಗಾಲ ಹಾಗಲ್ಲ. ಮಳೆ ಕೈಕೊಟ್ಟಾಗ ಇಡೀ ತಾಲ್ಲೂಕು, ಕೆಲವೊಮ್ಮೆ ಇಡೀ ರಾಜ್ಯ ಒಟ್ಟಿಗೆ ನಷ್ಟಕ್ಕೊಳಗಾಗುತ್ತದೆ. ಆದ್ದರಿಂದ ಬೆಳೆ ವಿಮೆಯಲ್ಲಿ ಒಂದು ವರ್ಷ ಸಂಗ್ರಹವಾದ ಕಂತಿಗಿಂತ ಹಲವು ಪಟ್ಟು ಹೆಚ್ಚಿನ ಪರಿಹಾರವನ್ನು ಕೊಡಬೇಕಾದ ಸಂದರ್ಭ ಬರುತ್ತದೆ.

ಇದಲ್ಲದೆ ಇನ್ನೂ ಮೂರು ತೊಡಕುಗಳಿವೆ:

* ಬೆಳೆ ಹಾಳಾದದ್ದು ಪ್ರಕೃತಿಯಿಂದಲೋ ನಿರ್ಲಕ್ಷ್ಯದಿಂದಲೋ ಎಂಬುದನ್ನು ನಿರ್ಧರಿಸುವುದು ಕಷ್ಟ.
* ಅಪಾಯ ಹೆಚ್ಚಿರುವ ಭೂಮಿಯ ರೈತರಷ್ಟೇ ವಿಮೆ ಮಾಡಿಸಿದರೆ ಕಂತಿನ ದರ ಏರುತ್ತ ಹೋಗುತ್ತದೆ.
* ಎರಡು, ಮೂರು ಎಕರೆಯ ಹಿಡುವಳಿಗಳನ್ನು ಒಂದೊಂದಾಗಿ ಪರಿಶೀಲಿಸುವ ವೆಚ್ಚವು ಅವುಗಳಿಂದ ಬರುವ ಕಂತಿನ ಹಣವನ್ನೇ ಮೀರಬಹುದು.

ಈ ಕಾರಣಗಳಿಂದ ಸರ್ಕಾರದ ನೆರವಿಲ್ಲದೆ ಬೆಳೆ ವಿಮೆಯು ದೊಡ್ಡ ಪ್ರಮಾಣದಲ್ಲಿ ಬೆಳೆಯಲಿಲ್ಲ.

## ಇತಿಹಾಸ

### ಮೈಸೂರು ಸಂಸ್ಥಾನದ ಮಳೆ ವಿಮೆ ಪ್ರಸ್ತಾವ

ಭಾರತದಲ್ಲಿ ಬೆಳೆ ವಿಮೆಯ ಕುರಿತ ಮೊದಲ ವ್ಯವಸ್ಥಿತ ಪ್ರಸ್ತಾವವು ಮೈಸೂರು ಸಂಸ್ಥಾನದಲ್ಲಿ ರೂಪುಗೊಂಡಿತು. ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು 1915ರ ವೇಳೆಗೆ ರೈತರನ್ನು ಬರದಿಂದ ರಕ್ಷಿಸಲು ಮಳೆ ವಿಮೆಯ ಯೋಜನೆಯೊಂದನ್ನು ಮುಂದಿಟ್ಟರು. 1920ರಲ್ಲಿ ಕೃಷಿ ವಿಮೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿ, ಅದನ್ನು ಮೈಸೂರಿಗೂ ಇಡೀ ಭಾರತಕ್ಕೂ ಹೊಂದುವಂತೆ ವಿಸ್ತರಿಸಿದರು.

ಅವರ ಯೋಜನೆಯ ತಿರುಳು ಸರಳವಾಗಿತ್ತು. ಪ್ರತಿಯೊಂದು ಹೊಲದ ಬೆಳೆಯನ್ನು ಅಂದಾಜು ಮಾಡುವ ಬದಲು, ಪ್ರದೇಶದ ಮಳೆಯನ್ನು ಅಳೆಯಬೇಕು; ನಿಗದಿತ ಪ್ರಮಾಣಕ್ಕಿಂತ ಮಳೆ ಕಡಿಮೆಯಾದರೆ ವಿಮೆ ಮಾಡಿಸಿದವರಿಗೆಲ್ಲ ಪರಿಹಾರ ಸಲ್ಲಬೇಕು. ಮಳೆಮಾಪಕದ ದಾಖಲೆಯನ್ನು ರೈತನಾಗಲಿ ವಿಮೆ ನೀಡುವವರಾಗಲಿ ತಮಗೆ ಬೇಕಾದಂತೆ ಬದಲಿಸಲು ಆಗದಿರುವುದು ಈ ವಿಧಾನದ ಬಲವಾಗಿತ್ತು. ಪ್ರಸ್ತಾವವು ಜಾರಿಗೆ ಬರಲಿಲ್ಲ. ಆದರೆ ಹವಾಮಾನ ಸೂಚ್ಯಂಕ ಆಧಾರಿತ ವಿಮೆ ಎಂದು ಇಂದು ಕರೆಯಲಾಗುವ ಪದ್ಧತಿಯ ಆರಂಭಿಕ ರೂಪಗಳಲ್ಲಿ ಇದನ್ನು ಪರಿಗಣಿಸಲಾಗುತ್ತದೆ.

ಸ್ವಾತಂತ್ರ್ಯಪೂರ್ವದಲ್ಲಿ ಮದ್ರಾಸ್, ಬರೋಡಾ ಮತ್ತು ದೇವಾಸ್‌ಗಳಲ್ಲಿಯೂ ಬೆಳೆ ವಿಮೆಯ ಪ್ರಯತ್ನಗಳು ನಡೆದವು. ಅವು ಹೆಚ್ಚು ಯಶಸ್ವಿಯಾಗಲಿಲ್ಲ.

### ಸ್ವಾತಂತ್ರ್ಯಾನಂತರದ ಚರ್ಚೆ

1947ರಲ್ಲಿ ಆಹಾರ ಮತ್ತು ಕೃಷಿ ಸಚಿವರಾಗಿದ್ದ ರಾಜೇಂದ್ರ ಪ್ರಸಾದ್ ಅವರು ಬೆಳೆ ಹಾಗೂ ಜಾನುವಾರು ವಿಮೆಯ ಸಾಧ್ಯತೆಯನ್ನು ಪರಿಶೀಲಿಸುವುದಾಗಿ ಶಾಸನಸಭೆಯಲ್ಲಿ ಭರವಸೆ ನೀಡಿದರು. ಅದರಂತೆ 1947–48ರಲ್ಲಿ ನಡೆದ ಅಧ್ಯಯನವು ಎರಡು ಮಾರ್ಗಗಳನ್ನು ಹೋಲಿಸಿತು: ಪ್ರತಿ ರೈತನ ನಷ್ಟವನ್ನು ಪ್ರತ್ಯೇಕವಾಗಿ ಅಳೆಯುವ 'ವೈಯಕ್ತಿಕ ವಿಧಾನ' ಮತ್ತು ಒಂದೇ ಬಗೆಯ ಕೃಷಿ ಪರಿಸ್ಥಿತಿಯುಳ್ಳ ಪ್ರದೇಶವನ್ನು ಒಂದು ಘಟಕವೆಂದು ಭಾವಿಸುವ 'ಪ್ರದೇಶ ವಿಧಾನ'. ಅಧ್ಯಯನವು ಎರಡನೆಯದನ್ನು ಬೆಂಬಲಿಸಿತು. ಆದರೆ ಆರ್ಥಿಕ ಹೊರೆಯ ಕಾರಣದಿಂದ ರಾಜ್ಯಗಳು ಅದನ್ನು ಒಪ್ಪಲಿಲ್ಲ. 1965ರಲ್ಲಿ ಕೇಂದ್ರವು ಸಿದ್ಧಪಡಿಸಿದ ಬೆಳೆ ವಿಮಾ ಮಸೂದೆಯೂ ಇದೇ ಕಾರಣದಿಂದ ಮುಂದುವರಿಯಲಿಲ್ಲ. ಅದನ್ನು ಪರಿಶೀಲಿಸಲು 1970ರಲ್ಲಿ ಧರ್ಮ ನಾರಾಯಣ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ರಚಿಸಲಾಯಿತು.

### ಮೊದಲ ಯೋಜನೆಗಳು

1972–73ರಲ್ಲಿ ಗುಜರಾತಿನಲ್ಲಿ ಎಚ್-4 ತಳಿಯ ಹತ್ತಿಗೆ ವಿಮೆ ಒದಗಿಸುವುದರೊಂದಿಗೆ ದೇಶದ ಮೊದಲ ಬೆಳೆ ವಿಮಾ ಕಾರ್ಯಕ್ರಮ ಆರಂಭವಾಯಿತು. ಮುಂದೆ ಭಾರತೀಯ ಸಾಮಾನ್ಯ ವಿಮಾ ನಿಗಮವು ಇದನ್ನು ವಹಿಸಿಕೊಂಡು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಿಗೆ ಹಾಗೂ ಶೇಂಗಾ, ಗೋಧಿ, ಆಲೂಗಡ್ಡೆ ಬೆಳೆಗಳಿಗೆ ವಿಸ್ತರಿಸಿತು. ವೈಯಕ್ತಿಕ ವಿಧಾನವನ್ನು ಅನುಸರಿಸಿದ ಈ ಕಾರ್ಯಕ್ರಮವು 1978–79ರವರೆಗೆ ಕೇವಲ 3,110 ರೈತರನ್ನು ತಲುಪಿತು. ಸಂಗ್ರಹವಾದ ಕಂತು 4.54 ಲಕ್ಷ ರೂಪಾಯಿ. ಪಾವತಿಸಿದ ಪರಿಹಾರ 37.88 ಲಕ್ಷ ರೂಪಾಯಿ.

ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರು 1976ರಲ್ಲಿ ಪ್ರದೇಶ ವಿಧಾನವನ್ನು ಮತ್ತೆ ಪ್ರತಿಪಾದಿಸಿದರು. ಅವರ ಸಲಹೆಯ ಆಧಾರದ ಮೇಲೆ 1979ರಲ್ಲಿ ಪ್ರಾಯೋಗಿಕ ಬೆಳೆ ವಿಮಾ ಯೋಜನೆಯೂ, 1985ರಲ್ಲಿ ಸಮಗ್ರ ಬೆಳೆ ವಿಮಾ ಯೋಜನೆಯೂ ಜಾರಿಗೆ ಬಂದವು. ಸಮಗ್ರ ಯೋಜನೆಯಲ್ಲಿ ಬೆಳೆ ಸಾಲ ಪಡೆದ ರೈತರಿಗೆ ವಿಮೆ ಕಡ್ಡಾಯವಾಗಿತ್ತು. ಕಂತಿನ ದರ ಏಕದಳ ಧಾನ್ಯಗಳಿಗೆ ಶೇ. 2, ದ್ವಿದಳ ಧಾನ್ಯ ಮತ್ತು ಎಣ್ಣೆಕಾಳುಗಳಿಗೆ ಶೇ. 1 ಇತ್ತು. 1999ರ ಮುಂಗಾರಿನವರೆಗೆ ಸುಮಾರು 404 ಕೋಟಿ ರೂಪಾಯಿ ಕಂತು ಸಂಗ್ರಹವಾಗಿ, ಸುಮಾರು 2,303 ಕೋಟಿ ರೂಪಾಯಿ ಪರಿಹಾರ ಪಾವತಿಯಾಯಿತು. ಕಂತಿಗಿಂತ ಐದು ಪಟ್ಟಿಗೂ ಹೆಚ್ಚಿನ ಈ ಪರಿಹಾರದ ಹೊರೆಯನ್ನು ಸರ್ಕಾರಗಳು ಹೊತ್ತವು. ಪರಿಹಾರದ ದೊಡ್ಡ ಪಾಲು ಗುಜರಾತಿನ ಶೇಂಗಾ ಬೆಳೆಗಾರರಿಗೆ ಸಂದಿತು.

### ರಾಷ್ಟ್ರೀಯ ಕೃಷಿ ವಿಮಾ ಯೋಜನೆ

1999–2000ದ ಹಿಂಗಾರು ಹಂಗಾಮಿನಿಂದ ರಾಷ್ಟ್ರೀಯ ಕೃಷಿ ವಿಮಾ ಯೋಜನೆ ಜಾರಿಗೆ ಬಂದು, ಸಾಲ ಪಡೆಯದ ರೈತರಿಗೂ ವಿಮೆಯ ಅವಕಾಶ ದೊರೆಯಿತು. ಇದರ ನಿರ್ವಹಣೆಗಾಗಿ 2002ರ ಡಿಸೆಂಬರ್‌ನಲ್ಲಿ ಭಾರತೀಯ ಕೃಷಿ ವಿಮಾ ಕಂಪನಿಯನ್ನು ಸ್ಥಾಪಿಸಲಾಯಿತು. ಕಂತಿನ ದರವನ್ನು ಕಡಿಮೆ ಇರಿಸಿದ್ದರಿಂದ, ಆಹಾರ ಬೆಳೆ ಮತ್ತು ಎಣ್ಣೆಕಾಳುಗಳಲ್ಲಿ ಕಂತಿನ ಮೊತ್ತವನ್ನು ಮೀರಿದ ಪರಿಹಾರವನ್ನು ಕೇಂದ್ರ ಮತ್ತು ರಾಜ್ಯಗಳು ಸಮನಾಗಿ ಭರಿಸಬೇಕಿತ್ತು. ಸರ್ಕಾರದ ಹಣ ಬಿಡುಗಡೆಯಾಗುವವರೆಗೆ ಪರಿಹಾರ ಕಾಯಬೇಕಾಗುತ್ತಿದ್ದುದರಿಂದ ವಿಳಂಬ ಸಾಮಾನ್ಯವಾಗಿತ್ತು. 2010–11ರ ಹಿಂಗಾರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪರಿಷ್ಕೃತ ಯೋಜನೆಯು ಈ ಕ್ರಮವನ್ನು ಬದಲಿಸಿತು. ಅಪಾಯಕ್ಕೆ ತಕ್ಕ ಪೂರ್ಣ ಕಂತನ್ನು ಮೊದಲೇ ನಿಗದಿಪಡಿಸಿ, ಅದಕ್ಕೆ ಸಹಾಯಧನ ನೀಡಿ, ಪರಿಹಾರದ ಹೊಣೆಯನ್ನು ವಿಮಾ ಕಂಪನಿಗಳಿಗೆ ವಹಿಸಲಾಯಿತು.

## ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ

2016ರ ಜನವರಿ 13ರಂದು ಕೇಂದ್ರ ಸಚಿವ ಸಂಪುಟದ ಅನುಮೋದನೆ ಪಡೆದ ಈ ಯೋಜನೆಯು ರಾಷ್ಟ್ರೀಯ ಕೃಷಿ ವಿಮಾ ಯೋಜನೆ ಮತ್ತು ಅದರ ಪರಿಷ್ಕೃತ ರೂಪದ ಸ್ಥಾನವನ್ನು ತುಂಬಿತು. ಸರ್ಕಾರಿ ಮತ್ತು ಖಾಸಗಿ ವಿಮಾ ಕಂಪನಿಗಳು ಟೆಂಡರ್ ಮೂಲಕ ಜಿಲ್ಲೆಗಳ ಗುಂಪುಗಳಿಗೆ ಆಯ್ಕೆಯಾಗುತ್ತವೆ.

### ವಿಮಾ ಕಂತು

| ಬೆಳೆಯ ವರ್ಗ | ರೈತನು ಪಾವತಿಸುವ ಗರಿಷ್ಠ ಕಂತು (ವಿಮಾ ಮೊತ್ತದ ಶೇಕಡಾ) |
|---|---|
| ಮುಂಗಾರು ಆಹಾರ ಮತ್ತು ಎಣ್ಣೆಕಾಳು ಬೆಳೆಗಳು | 2 |
| ಹಿಂಗಾರು ಆಹಾರ ಮತ್ತು ಎಣ್ಣೆಕಾಳು ಬೆಳೆಗಳು | 1.5 |
| ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳು | 5 |

ಟೆಂಡರಿನಲ್ಲಿ ನಿಗದಿಯಾದ ಪೂರ್ಣ ದರ ಮತ್ತು ರೈತನ ಪಾಲಿನ ನಡುವಿನ ವ್ಯತ್ಯಾಸವನ್ನು ಕೇಂದ್ರ ಹಾಗೂ ರಾಜ್ಯಗಳು ಸಮನಾಗಿ ಭರಿಸುತ್ತವೆ. ಉದಾಹರಣೆಗೆ, ಹೆಕ್ಟೇರಿಗೆ 40,000 ರೂಪಾಯಿ ವಿಮಾ ಮೊತ್ತವಿರುವ ಮುಂಗಾರು ಬೆಳೆಗೆ ಪೂರ್ಣ ದರ ಶೇ. 12 ಆಗಿದ್ದರೆ ಒಟ್ಟು ಕಂತು 4,800 ರೂಪಾಯಿ. ಇದರಲ್ಲಿ ರೈತನ ಪಾಲು 800 ರೂಪಾಯಿ. ಕೇಂದ್ರ ಮತ್ತು ರಾಜ್ಯದ ಪಾಲು ತಲಾ 2,000 ರೂಪಾಯಿ.

2020ರ ಮುಂಗಾರಿನಿಂದ ಎರಡು ಮುಖ್ಯ ಬದಲಾವಣೆಗಳಾದವು. ಸಾಲ ಪಡೆದ ರೈತರಿಗೂ ವಿಮೆಯು ಐಚ್ಛಿಕವಾಯಿತು. ಬೇಡವೆನ್ನುವವರು ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ಕೇಂದ್ರದ ಸಹಾಯಧನವನ್ನು ಮಳೆಯಾಶ್ರಿತ ಪ್ರದೇಶಗಳಲ್ಲಿ ಶೇ. 30, ನೀರಾವರಿ ಪ್ರದೇಶಗಳಲ್ಲಿ ಶೇ. 25ರ ಕಂತಿನ ದರಕ್ಕೆ ಮಿತಿಗೊಳಿಸಲಾಯಿತು. ಈಶಾನ್ಯ ರಾಜ್ಯಗಳಲ್ಲಿ ಸಹಾಯಧನದ ಶೇ. 90ರಷ್ಟನ್ನು ಕೇಂದ್ರವೇ ನೀಡುತ್ತದೆ.

### ವಿಮಾ ರಕ್ಷಣೆ

* ಬಿತ್ತನೆ ಸಾಧ್ಯವಾಗದಿರುವುದು: ಮಳೆಯ ಕೊರತೆ ಅಥವಾ ಪ್ರತಿಕೂಲ ಹವಾಮಾನದಿಂದ ಘಟಕದ ಬಹುಭಾಗದಲ್ಲಿ ಬಿತ್ತನೆ ನಡೆಯದಿದ್ದರೆ ವಿಮಾ ಮೊತ್ತದ ಶೇ. 25ರಷ್ಟನ್ನು ನೀಡಿ ವಿಮೆಯನ್ನು ಮುಕ್ತಾಯಗೊಳಿಸಲಾಗುತ್ತದೆ.
* ಹಂಗಾಮಿನ ನಡುವಿನ ವಿಕೋಪ: ನಿರೀಕ್ಷಿತ ಇಳುವರಿಯು ಖಾತರಿ ಇಳುವರಿಯ ಅರ್ಧಕ್ಕಿಂತ ಕಡಿಮೆಯಾಗುವ ಸೂಚನೆಯಿದ್ದರೆ ಸಂಭವನೀಯ ಪರಿಹಾರದ ಶೇ. 25ರಷ್ಟನ್ನು ಮುಂಗಡವಾಗಿ ಕೊಡಬಹುದು.
* ಇಳುವರಿ ನಷ್ಟ: ಬಿತ್ತನೆಯಿಂದ ಕಟಾವಿನವರೆಗಿನ, ತಡೆಯಲಾಗದ ನೈಸರ್ಗಿಕ ಕಾರಣಗಳಿಂದಾದ ನಷ್ಟಕ್ಕೆ ಪ್ರದೇಶದ ಸರಾಸರಿ ಇಳುವರಿಯ ಆಧಾರದಲ್ಲಿ ಪರಿಹಾರ.
* ಸ್ಥಳೀಯ ವಿಕೋಪ: ಆಲಿಕಲ್ಲು ಮಳೆ, ಭೂಕುಸಿತ, ಮೇಘಸ್ಫೋಟದಂತಹ ಘಟನೆಗಳಲ್ಲಿ ಹೊಲದ ಮಟ್ಟದಲ್ಲೇ ನಷ್ಟವನ್ನು ಅಂದಾಜಿಸಲಾಗುತ್ತದೆ.
* ಕಟಾವಿನ ನಂತರದ ನಷ್ಟ: ಒಣಗಲು ಹೊಲದಲ್ಲಿ ಹರಡಿದ ಬೆಳೆಯು ಕಟಾವಿನಿಂದ 14 ದಿನಗಳೊಳಗೆ ಚಂಡಮಾರುತ ಅಥವಾ ಅಕಾಲಿಕ ಮಳೆಗೆ ಸಿಲುಕಿದರೆ ಹೊಲದ ಮಟ್ಟದಲ್ಲಿ ಪರಿಹಾರ.

ಕೊನೆಯ ಎರಡು ಸಂದರ್ಭಗಳಲ್ಲಿ ರೈತನು 72 ಗಂಟೆಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಮಾಹಿತಿ ನೀಡಬೇಕು. ಸಹಾಯವಾಣಿ ಸಂಖ್ಯೆ 14447. ಇಳುವರಿ ನಷ್ಟಕ್ಕೆ ಪ್ರತ್ಯೇಕ ಅರ್ಜಿಯ ಅಗತ್ಯವಿಲ್ಲ. ಯುದ್ಧ, ಉದ್ದೇಶಪೂರ್ವಕ ಹಾನಿ ಮತ್ತು ತಡೆಯಬಹುದಾಗಿದ್ದ ನಷ್ಟಗಳು ವಿಮೆಯ ವ್ಯಾಪ್ತಿಗೆ ಬರುವುದಿಲ್ಲ.

### ಪರಿಹಾರದ ಲೆಕ್ಕಾಚಾರ

ಕಳೆದ ಏಳು ವರ್ಷಗಳಲ್ಲಿ ಉತ್ತಮ ಇಳುವರಿ ಬಂದ ಐದು ವರ್ಷಗಳ ಸರಾಸರಿಯನ್ನು ಶೇ. 70, 80 ಅಥವಾ 90ರ ಪರಿಹಾರ ಮಟ್ಟದಿಂದ ಗುಣಿಸಿದಾಗ ಆ ಘಟಕದ *ಖಾತರಿ ಇಳುವರಿ* ದೊರೆಯುತ್ತದೆ. ಹಂಗಾಮಿನ ನೈಜ ಇಳುವರಿಯನ್ನು *ಬೆಳೆ ಕಟಾವು ಪ್ರಯೋಗ*ಗಳಿಂದ ನಿರ್ಧರಿಸಲಾಗುತ್ತದೆ. ಯಾದೃಚ್ಛಿಕವಾಗಿ ಆಯ್ದ ಹೊಲಗಳಲ್ಲಿ ನಿಗದಿತ ಅಳತೆಯ ತುಂಡು ಜಾಗದ ಬೆಳೆಯನ್ನು ಕೊಯ್ದು, ಒಕ್ಕಿ, ತೂಕ ಮಾಡುವುದೇ ಈ ಪ್ರಯೋಗ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗಗಳು ನಡೆಯಬೇಕು.

ಒಂದು ಪಂಚಾಯಿತಿಯಲ್ಲಿ ಐದು ಉತ್ತಮ ವರ್ಷಗಳ ಸರಾಸರಿ ಹೆಕ್ಟೇರಿಗೆ 10 ಕ್ವಿಂಟಲ್, ಪರಿಹಾರ ಮಟ್ಟ ಶೇ. 80 ಎಂದಿಟ್ಟುಕೊಂಡರೆ ಖಾತರಿ ಇಳುವರಿ 8 ಕ್ವಿಂಟಲ್ ಆಗುತ್ತದೆ. ಪ್ರಯೋಗಗಳಲ್ಲಿ 6 ಕ್ವಿಂಟಲ್ ಕಂಡುಬಂದರೆ ಕೊರತೆ 2 ಕ್ವಿಂಟಲ್, ಅಂದರೆ ಖಾತರಿ ಇಳುವರಿಯ ಶೇ. 25. ಆಗ 40,000 ರೂಪಾಯಿ ವಿಮಾ ಮೊತ್ತಕ್ಕೆ 10,000 ರೂಪಾಯಿ ಪರಿಹಾರ ಸಲ್ಲುತ್ತದೆ. ಅದೇ ಪಂಚಾಯಿತಿಯಲ್ಲಿ 2 ಕ್ವಿಂಟಲ್ ಬೆಳೆದವನಿಗೂ 9 ಕ್ವಿಂಟಲ್ ಬೆಳೆದವನಿಗೂ ಹೆಕ್ಟೇರಿಗೆ ಸಿಗುವುದು ಇಷ್ಟೇ. ಪಂಚಾಯಿತಿಯ ಸರಾಸರಿ 8 ಕ್ವಿಂಟಲ್ ದಾಟಿದರೆ, ಬೆಳೆಯನ್ನು ಪೂರ್ತಿ ಕಳೆದುಕೊಂಡ ರೈತನಿಗೂ ಇಳುವರಿ ಆಧಾರದ ಪರಿಹಾರ ದೊರೆಯುವುದಿಲ್ಲ.

## ಹವಾಮಾನ ಆಧಾರಿತ ಬೆಳೆ ವಿಮೆ

ಇಳುವರಿಯನ್ನು ಅಳೆಯುವುದು ಕಷ್ಟವಾದ ಬೆಳೆಗಳಿಗೆ ಮಳೆ, ಉಷ್ಣಾಂಶ, ಆರ್ದ್ರತೆ ಮುಂತಾದ ಹವಾಮಾನ ಅಂಶಗಳನ್ನೇ ನಷ್ಟದ ಸೂಚಕವಾಗಿ ಬಳಸಲಾಗುತ್ತದೆ. 2003ರಲ್ಲಿ ಅಂದಿನ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯಲ್ಲಿ ಶೇಂಗಾ ಮತ್ತು ಹರಳು ಬೆಳೆಗಾರರಿಗೆ ಖಾಸಗಿ ವಲಯದ ಮಳೆ ವಿಮೆಯ ಪ್ರಯೋಗ ನಡೆಯಿತು. ಸರ್ಕಾರದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯ ಪ್ರಯೋಗವು 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಆರಂಭವಾಯಿತು. 2016ರಲ್ಲಿ ಪುನರ್‌ರಚನೆಗೊಂಡ ಇದು ಫಸಲ್ ಬಿಮಾ ಯೋಜನೆಯೊಂದಿಗೆ ಮುಂದುವರಿದಿದೆ.

ಇದರಲ್ಲಿ ಪರಿಹಾರಕ್ಕೆ ಕಟಾವು ಪ್ರಯೋಗಗಳು ಬೇಕಿಲ್ಲ. ಆದರೆ ಮಳೆಮಾಪಕದ ಬಳಿ ಬಿದ್ದ ಮಳೆಗೂ ಕೆಲವು ಕಿಲೋಮೀಟರ್ ದೂರದ ತೋಟದಲ್ಲಿ ಬಿದ್ದ ಮಳೆಗೂ ವ್ಯತ್ಯಾಸವಿದ್ದರೆ, ದಾಖಲೆಯು ರೈತನ ನಷ್ಟವನ್ನು ತೋರಿಸುವುದಿಲ್ಲ.

## ಕರ್ನಾಟಕದಲ್ಲಿ

ರಾಜ್ಯದಲ್ಲಿ ಯೋಜನೆಯು 'ಕರ್ನಾಟಕ ರೈತ ಸುರಕ್ಷಾ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ' ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ನೋಂದಣಿ ಮತ್ತು ಪರಿಹಾರದ ವಿವರಗಳನ್ನು 'ಸಂರಕ್ಷಣೆ' ಎಂಬ ಜಾಲತಾಣದ ಮೂಲಕ ನಿರ್ವಹಿಸಲಾಗುತ್ತದೆ. ಮುಖ್ಯ ಬೆಳೆಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೂ ಇತರ ಬೆಳೆಗಳನ್ನು ಹೋಬಳಿ ಮಟ್ಟದಲ್ಲಿಯೂ ಅಧಿಸೂಚಿಸಲಾಗುತ್ತದೆ. ಮಲೆನಾಡಿನ ಅಡಿಕೆ, ಕಾಳುಮೆಣಸಿನಂತಹ ತೋಟಗಾರಿಕೆ ಬೆಳೆಗಳು ಹವಾಮಾನ ಆಧಾರಿತ ವಿಮೆಯ ವ್ಯಾಪ್ತಿಯಲ್ಲಿವೆ.

ಈ ವಿಮೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ದಾಖಲೆಗಳನ್ನು ಬಳಸಲಾಗುತ್ತದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನು ಹೊಂದಿದೆ.

## ವಿಪತ್ತು ಪರಿಹಾರ ನಿಧಿ ಮತ್ತು ವಿಮೆ

ಬೆಳೆ ವಿಮೆಯನ್ನು ಸರ್ಕಾರದ ಬೆಳೆ ಹಾನಿ ಪರಿಹಾರದಿಂದ ಪ್ರತ್ಯೇಕಿಸಿ ನೋಡಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಗಳಿವೆ. ರಾಜ್ಯ ನಿಧಿಗೆ ಕೇಂದ್ರವು ಶೇ. 75ರಷ್ಟನ್ನು, ಈಶಾನ್ಯ ಮತ್ತು ಹಿಮಾಲಯ ರಾಜ್ಯಗಳಿಗೆ ಶೇ. 90ರಷ್ಟನ್ನು ನೀಡುತ್ತದೆ. 2022–26ರ ಅವಧಿಯ ಮಾರ್ಗಸೂಚಿಯಂತೆ ಶೇ. 33 ಅಥವಾ ಹೆಚ್ಚಿನ ಬೆಳೆ ಹಾನಿಗೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಯಾದರೆ 8,500 ರೂಪಾಯಿ, ನೀರಾವರಿ ಬೆಳೆಯಾದರೆ 17,000 ರೂಪಾಯಿ, ಬಹುವಾರ್ಷಿಕ ಬೆಳೆಯಾದರೆ 22,500 ರೂಪಾಯಿ ನಿಗದಿಯಾಗಿದೆ. ಇದು ಗರಿಷ್ಠ ಎರಡು ಹೆಕ್ಟೇರಿಗೆ ಸೀಮಿತ.

ಈ ನೆರವಿಗೆ ಕಂತು ಕಟ್ಟಬೇಕಿಲ್ಲ. ಇದನ್ನು ಮುಂದಿನ ಬಿತ್ತನೆಗೆ ನೆರವಾಗುವ ಇನ್‌ಪುಟ್ ಸಬ್ಸಿಡಿ ಎಂದು ಪರಿಗಣಿಸಲಾಗುತ್ತದೆಯೇ ಹೊರತು ನಷ್ಟದ ಪೂರ್ಣ ಪರಿಹಾರವೆಂದಲ್ಲ. ಇದರ ಪ್ರಮಾಣ ಮತ್ತು ಸಮಯ ಸರ್ಕಾರಗಳ ತೀರ್ಮಾನವನ್ನು ಅವಲಂಬಿಸಿವೆ. 2021ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರವು ಅಂದು ಜಾರಿಯಲ್ಲಿದ್ದ 6,800 ರೂಪಾಯಿಯ ಮಳೆಯಾಶ್ರಿತ ಬೆಳೆ ಪರಿಹಾರಕ್ಕೆ ತನ್ನ ಬೊಕ್ಕಸದಿಂದ ಅಷ್ಟೇ ಮೊತ್ತವನ್ನು ಸೇರಿಸಿ 13,600 ರೂಪಾಯಿಗೆ ಏರಿಸಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ, ರಾಷ್ಟ್ರೀಯ ನಿಧಿಯ ನೆರವು ಬಿಡುಗಡೆಯಾಗಿಲ್ಲವೆಂದು ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. ರಾಜ್ಯವು 18,171 ಕೋಟಿ ರೂಪಾಯಿ ಕೋರಿತ್ತು. ಏಪ್ರಿಲ್‌ನಲ್ಲಿ ಸುಮಾರು 3,450 ಕೋಟಿ ರೂಪಾಯಿ ಬಿಡುಗಡೆಯಾಯಿತು.

ವಿಮೆಯಲ್ಲಿ ಪರಿಹಾರವು ಒಪ್ಪಂದದಿಂದ ಬರುವ ಹಕ್ಕು. ಬರ ಘೋಷಣೆಗಾಗಿ ಕಾಯಬೇಕಿಲ್ಲ. ಆದರೆ ಆ ಹಕ್ಕು ಕಂತು ಕಟ್ಟಿದವರಿಗೆ, ಅಧಿಸೂಚಿತ ಬೆಳೆಗೆ, ಅಳತೆಯಲ್ಲಿ ಕಂಡುಬಂದ ನಷ್ಟಕ್ಕೆ ಮಾತ್ರ ಸೀಮಿತ.

## ವಿಮರ್ಶೆ

ಅಳತೆಯ ಅಂತರ: ಪ್ರದೇಶದ ಸರಾಸರಿಗೂ ರೈತನ ನೈಜ ನಷ್ಟಕ್ಕೂ ಇರುವ ಅಂತರವು ಯೋಜನೆಯ ಮೂಲಭೂತ ಮಿತಿಯಾಗಿದೆ. ಘಟಕ ಚಿಕ್ಕದಾದಷ್ಟೂ ಅಂತರ ಕಡಿಮೆಯಾಗುತ್ತದೆ, ಆದರೆ ಕಟಾವು ಪ್ರಯೋಗಗಳ ಸಂಖ್ಯೆ ಹೆಚ್ಚುತ್ತದೆ. ಕೊಯ್ಲಿನ ಕೆಲವೇ ವಾರಗಳಲ್ಲಿ ಸೀಮಿತ ಸಿಬ್ಬಂದಿಯು ಇವನ್ನೆಲ್ಲ ಮುಗಿಸಬೇಕಾಗುವುದರಿಂದ ಪ್ರಯೋಗಗಳ ಗುಣಮಟ್ಟದ ಬಗ್ಗೆ ರೈತರು ಮತ್ತು ವಿಮಾ ಕಂಪನಿಗಳು ಇಬ್ಬರೂ ಆಕ್ಷೇಪ ಎತ್ತುತ್ತಾರೆ.

ವಿಳಂಬ: ರಾಜ್ಯದ ಪಾಲಿನ ಸಹಾಯಧನ ತಡವಾದರೆ ಪರಿಹಾರವೂ ತಡವಾಗುತ್ತದೆ. 2018ರ ಪರಿಷ್ಕೃತ ಮಾರ್ಗಸೂಚಿಯು ವಿಳಂಬಕ್ಕೆ ವಿಮಾ ಕಂಪನಿಗಳು ಮತ್ತು ರಾಜ್ಯಗಳು ಶೇ. 12ರ ಬಡ್ಡಿ ತೆರಬೇಕೆಂದು ವಿಧಿಸಿತು.

ಗೇಣಿದಾರರು: 2011ರಿಂದ 2016ರವರೆಗಿನ ಬೆಳೆ ವಿಮಾ ಯೋಜನೆಗಳನ್ನು ಪರಿಶೀಲಿಸಿದ ಭಾರತದ ಮಹಾಲೇಖಪಾಲರ 2017ರ ವರದಿಯು ಗೇಣಿದಾರರು ಮತ್ತು ಪಾಲುದಾರ ರೈತರ ಪಾಲ್ಗೊಳ್ಳುವಿಕೆ ನಗಣ್ಯವಾಗಿತ್ತೆಂದು ಹೇಳಿತು. 1974ರ ತಿದ್ದುಪಡಿಯ ನಂತರ ಕರ್ನಾಟಕದ ಭೂಸುಧಾರಣಾ ಕಾಯ್ದೆಯು ಕೃಷಿ ಭೂಮಿಯ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿದೆ. ಆದ್ದರಿಂದ ಪಾಲಿಗೆ ಉಳುಮೆ ಮಾಡುವ ಒಪ್ಪಂದಗಳು ಮಾತಿನಲ್ಲಿಯೇ ಉಳಿಯುತ್ತವೆ. ಪಹಣಿಯಲ್ಲಿ ಹೆಸರಿಲ್ಲದ ರೈತನಿಗೆ ವಿಮೆ ಮಾಡಿಸುವುದು ಕಷ್ಟವಾಗುತ್ತದೆ. ಬೆಳೆ ಕಳೆದುಕೊಂಡವನು ಒಬ್ಬ, ಪರಿಹಾರ ಪಡೆಯುವವನು ಇನ್ನೊಬ್ಬ ಆಗುವ ಸಾಧ್ಯತೆಯೂ ಇದೆ.

ಸಾರ್ವಜನಿಕ ವೆಚ್ಚ: ಉತ್ತಮ ಮಳೆಯ ವರ್ಷಗಳಲ್ಲಿ ಸಹಾಯಧನದ ದೊಡ್ಡ ಭಾಗ ವಿಮಾ ಕಂಪನಿಗಳಲ್ಲಿ ಉಳಿಯುತ್ತದೆ ಎಂಬ ಟೀಕೆಯಿದೆ. ಕೆಟ್ಟ ವರ್ಷದ ಭಾರಿ ಪರಿಹಾರಕ್ಕೆ ಒಳ್ಳೆಯ ವರ್ಷದ ಉಳಿತಾಯ ಅಗತ್ಯವೆಂಬುದು ಇದಕ್ಕೆ ನೀಡಲಾಗುವ ಉತ್ತರ.

## ರಾಜ್ಯಗಳ ನಿಲುವು

ಯೋಜನೆಗೆ ಸೇರುವುದು ರಾಜ್ಯಗಳ ಆಯ್ಕೆಗೆ ಬಿಟ್ಟದ್ದು. ಬಿಹಾರವು 2018ರಲ್ಲಿ ಹೊರಬಂದು, ಕಂತಿಲ್ಲದ ತನ್ನದೇ ನೆರವಿನ ಯೋಜನೆಯನ್ನು ರೂಪಿಸಿತು. ಪಶ್ಚಿಮ ಬಂಗಾಳ ಮತ್ತು ಗುಜರಾತ್ ಕೂಡ ಹೊರನಡೆದವು. 2020ರಲ್ಲಿ ಹೊರಬಂದ ಆಂಧ್ರಪ್ರದೇಶವು 2022ರಲ್ಲಿ ಮರಳಿ ಸೇರಿತು.

ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2020ರಲ್ಲಿ ಆರಂಭವಾದ 'ಬೀಡ್ ಮಾದರಿ'ಯು ಲಾಭ ನಷ್ಟಗಳೆರಡಕ್ಕೂ ಮಿತಿ ಹಾಕುತ್ತದೆ. ಪರಿಹಾರವು ಒಟ್ಟು ಕಂತಿನ ಶೇ. 110ನ್ನು ಮೀರಿದರೆ ಹೆಚ್ಚಿನ ಹೊರೆಯನ್ನು ರಾಜ್ಯ ಸರ್ಕಾರ ಹೊರುತ್ತದೆ, ಶೇ. 80ಕ್ಕಿಂತ ಕಡಿಮೆಯಾದರೆ ವಿಮಾ ಕಂಪನಿಯು ಕಂತಿನ ಶೇ. 20ನ್ನು ಮಾತ್ರ ಇರಿಸಿಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಹಿಂದಿರುಗಿಸುತ್ತದೆ. 2023ರಲ್ಲಿ ಮಹಾರಾಷ್ಟ್ರವು ರೈತನ ಪಾಲನ್ನು ಒಂದು ರೂಪಾಯಿಗೆ ಇಳಿಸಿ, 2025ರಲ್ಲಿ ಆ ಕ್ರಮವನ್ನು ಹಿಂತೆಗೆದುಕೊಂಡಿತು.

## ತಂತ್ರಜ್ಞಾನದ ಬಳಕೆ

2023ರಲ್ಲಿ ಕೇಂದ್ರ ಸರ್ಕಾರವು ಉಪಗ್ರಹ ಚಿತ್ರ ಮತ್ತು ಮಾದರಿ ಲೆಕ್ಕಾಚಾರಗಳಿಂದ ಇಳುವರಿಯನ್ನು ಅಂದಾಜಿಸುವ 'ಯೆಸ್-ಟೆಕ್' ಹಾಗೂ ಹವಾಮಾನ ಕೇಂದ್ರಗಳ ಜಾಲವನ್ನು ವಿಸ್ತರಿಸುವ 'ವಿಂಡ್ಸ್' ಎಂಬ ಕಾರ್ಯಕ್ರಮಗಳನ್ನು ಆರಂಭಿಸಿತು. ವಿಂಡ್ಸ್ ಕಾರ್ಯಕ್ರಮದಡಿ ತಾಲ್ಲೂಕು ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನೂ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಸ್ಥಾಪಿಸುವ ಉದ್ದೇಶವಿದೆ. ಕಟಾವು ಪ್ರಯೋಗಗಳ ಮೇಲಿನ ಅವಲಂಬನೆಯನ್ನು ತಗ್ಗಿಸಿ, ನಷ್ಟದ ಅಳತೆಯನ್ನು ರೈತನ ಹೊಲಕ್ಕೆ ಇನ್ನಷ್ಟು ಹತ್ತಿರ ತರುವುದು ಇವುಗಳ ಗುರಿಯಾಗಿದೆ.